ಬಲಕ್ಕೆ ಬಿದ್ದ ಎಸಳು

ಹೋದ ವಾರ ಕುಕ್ಕರಿನ ರಬ್ಬರು ಸಡಿಲಾಗಿ ಸೀಟಿ ಹೊಡೆಯುವುದನ್ನೇ ಬಿಟ್ಟಿತ್ತು. ಅಂಕೋಲೆಯ ಪೇಟೆಯಲ್ಲಿ ಪಾತ್ರೆ ಅಂಗಡಿಯವನು ಮೊಳೆಗೆ ನೇತುಹಾಕಿದ ರಬ್ಬರುಗಳ ಗೊಂಚಲಿನಿಂದ ಒಂದನ್ನು ಬಿಡಿಸಿ, ಅದಕ್ಕೆ ಮೆತ್ತಿದ್ದ ಬಿಳಿ ಪುಡಿ ಕೊಡವಿ ನನ್ನ ಕೈಗಿಟ್ಟ. ಅಳತೆ ಸರಿಯಿದೆಯೇ ನೋಡೋಣ ಎಂದು ಮುಖದ ಹತ್ತಿರ ಹಿಡಿದೆ. ಹೊಸ ರಬ್ಬರಿನ ಆ ವಾಸನೆ, ಆಟದ ಚೆಂಡಿನದೇ ವಾಸನೆ... ಅದರ ಹಿಂದೆಯೇ ಬಿಸಿಲಿಗೆ ಕಾದ ಸಿಮೆಂಟು, ಬೆವರು, ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಅಕ್ಕನ ಜಡೆ, ಎಲ್ಲ ಒಟ್ಟಿಗೇ ಬಂದವು. "ಬಾಯೀ, ಇದೇ ಸೈಜಾ?" ಎಂದು ಅವನು ಎರಡನೇ ಸಲ ಕೇಳಿದಾಗಲೇ ನನಗೆ ಎಚ್ಚರವಾದದ್ದು. ಮನೆಗೆ ಬಂದು ಅನ್ನಕ್ಕಿಟ್ಟೆ. ಹೊಸ ರಬ್ಬರು ಹಾಕಿದ ಮೊದಲ ದಿನ ಅನ್ನಕ್ಕೂ ಸ್ವಲ್ಪ ವಾಸನೆ ಹತ್ತುತ್ತದೆ. ಮನೆಯವರು ಮೂಗು ಮುರಿದರೂ ಉಂಡೆದ್ದರು. ನಾನು ಮಾತ್ರ ನನ್ನ ತಟ್ಟೆಯನ್ನು ಹಾಗೇ ಎತ್ತಿಟ್ಟೆ.

ಕಾರವಾರದ ಕೋಡಿಬಾಗದಲ್ಲಿ ನನ್ನ ತವರುಮನೆಗೂ ಆ ಅಕ್ಕನ ಮನೆಗೂ ನಡುವೆ ಇದ್ದದ್ದು ಒಂದು ಮೋಟು ಕಲ್ಲಿನ ಗೋಡೆ. ನಾನು ಅವಳನ್ನು ಅಕ್ಕ ಎಂದೇ ಕರೆದದ್ದು, ಹೆಸರು ಹಿಡಿದು ಕರೆದ ನೆನಪಿಲ್ಲ. ಮುಂದೆ ಪತ್ರಿಕೆಗಳಲ್ಲಿ ಅವಳ ಹೆಸರು ಅಚ್ಚಾಗಿ ಬಂದಾಗ ಅದು ಬೇರೆ ಯಾರದೋ ಅನ್ನಿಸುತ್ತಿತ್ತು. ಅವಳ ತಾಯಿಯನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅಂಕೋಲೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಕಾರವಾರಕ್ಕೆ ಬಂದವರು. ಗಂಡ ಬೇಗ ಹೋದರು. ನೋವು ಅಂತಲೂ ಹೇಳಲಿಲ್ಲವಂತೆ. ಊಟಕ್ಕೆ ಕೂತವರು ಏನೋ ತಮಾಷೆ ಮಾಡಿ ನಗುತ್ತ ಹಾಗೇ ಗೋಡೆಗೆ ಒರಗಿದರಂತೆ. ಬಡಿಸುತ್ತಿದ್ದ ಮಾವಶಿ, ಇದೂ ತಮಾಷೆಯೇ ಅಂದುಕೊಂಡು ಇನ್ನೊಂದು ಸೌಟು ಸಾರು ಹಾಕಿದರಂತೆ. ಅಕ್ಕ ಆಗ ಶಾಲೆಗೆ ಹೋಗುವ ಹುಡುಗಿ, ಅವಳ ತಮ್ಮ ತೊಟ್ಟಿಲಿನಲ್ಲಿ.

ನಾವಿಬ್ಬರೂ ಓದಿದ್ದು ಒಂದೇ ಕಾನ್ವೆಂಟಿನಲ್ಲಿ. ನಾನು ಕೆಳಗಿನ ತರಗತಿಗಳಲ್ಲಿದ್ದಾಗ ಅವಳು ಹೈಸ್ಕೂಲು. ಪ್ರಾರ್ಥನೆಯ ಹಾಲಿನ ಹಿಂದೆ ಬಾಸ್ಕೆಟ್‌ಬಾಲಿನ ಕೋರ್ಟು ಇತ್ತು. ಎರಡು ಕಂಬ, ಬಲೆಯಿಲ್ಲದ ಎರಡು ಕಬ್ಬಿಣದ ಬಳೆ, ಉಪ್ಪುಗಾಳಿಗೆ ಅವೂ ತುಕ್ಕು ಹಿಡಿದಿದ್ದವು. ಆಟ ಕಲಿಸುತ್ತಿದ್ದವರು ಒಬ್ಬ ಸಿಸ್ಟರ್. ಬಿಳಿಯ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಬೂಟು ಹಾಕಿ ಅವರು ಓಡುವುದನ್ನು ನೋಡಲು ನಾವು ಸಣ್ಣವರು ಕಿಟಕಿಗೆ ಮುತ್ತಿಕೊಳ್ಳುತ್ತಿದ್ದೆವು. ಅಕ್ಕನನ್ನು ಅವರು ಆರಿಸಿದ್ದು ಎತ್ತರ ನೋಡಿ. ಇಟ್ಟುಕೊಂಡದ್ದು ಅವಳ ಎಡಗೈ ನೋಡಿ.

ಅಕ್ಕ ಎಡಚಿ. ಮಾವಶಿಗೆ ಅದೊಂದು ದೊಡ್ಡ ಚಿಂತೆ. ಊಟದ ಹೊತ್ತಿಗೆ ಎಡಗೈಯನ್ನು ಸೆರಗಿನಿಂದ ಕಟ್ಟಿ ಕೂರಿಸುತ್ತಿದ್ದರು. "ನಾಳೆ ಗಂಡನ ಮನೇಲಿ ಎಡಗೈಲಿ ಬಡಿಸ್ದೆ ಅಂದ್ರೆ ಎಂತಾ ಹೇಳ್ತಾರೆ?" ಎಂದು ಬೈದರೆ ಅಕ್ಕ, "ಹಸಿವಾದವ ಕೈ ನೋಡೂದಿಲ್ಲ ಆಯಿ" ಅನ್ನುತ್ತಿದ್ದಳು. ಕೋರ್ಟಿನಲ್ಲಿ ಅದೇ ಕೈ ಸಿಸ್ಟರಿಗೆ ಚಿನ್ನ. ಎದುರಾಳಿಗಳು ಬಲಗೈಯನ್ನೇ ಕಾದು ನಿಂತಿರುವಾಗ ಇವಳ ಚೆಂಡು ಇನ್ನೊಂದು ಬದಿಯಿಂದ ಏಳುತ್ತಿತ್ತು.

ಸಿಸ್ಟರದ್ದು ಒಂದು ಪಾಠ ಇತ್ತು. ಹುಡುಗಿಯರನ್ನು ಎರಡು ಸಾಲಿನಲ್ಲಿ ಎದುರುಬದುರು ನಿಲ್ಲಿಸಿ, "ಅವಳ ಬಲ!" ಎಂದು ಕೂಗುವರು. ಕೂಗಿದ ತಕ್ಷಣ ಎದುರಿನವಳ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ ಹಾರಬೇಕು. ಹುಡುಗಿಯರು ಗೊಂದಲವಾಗಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ನಗುತ್ತಿದ್ದರು. "ಬಲ ಅಂದರೆ ಮೊದಲು ಕೇಳಿ, ಯಾರ ಬಲ?" ಎಂದು ಸಿಸ್ಟರ್ ತಮ್ಮ ಮಂಗಳೂರು ಕನ್ನಡದಲ್ಲಿ ಗದರುವರು. ಅಕ್ಕ ಮಾತ್ರ ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಲಿಲ್ಲ.

ಆಮೇಲಿನದು ಎಲ್ಲರೂ ಬಲ್ಲ ಕತೆ. ಜಿಲ್ಲೆಗೆ ಆಡಿದಳು, ರಾಜ್ಯಕ್ಕೆ ಆಡಿದಳು. ಧಾರವಾಡದಲ್ಲಿ ಕಾಲೇಜು ಓದುತ್ತಲೇ ಹಿರಿಯರ ತಂಡಕ್ಕೆ ಸೇರಿದಳು. ಕ್ರೀಡೆಯ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ರಾಷ್ಟ್ರಮಟ್ಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇದ್ದಳು, ಮುಂದೆ ಅದಕ್ಕೆ ನಾಯಕಿಯೂ ಆದಳು. ಊರಿಗೆ ಬಂದಾಗ ಮೆರವಣಿಗೆ ಆಯಿತು. ತೆರೆದ ಜೀಪಿನಲ್ಲಿ ನಿಂತವಳು ಕೋಡಿಬಾಗದ ತಿರುವಿನಲ್ಲಿ ತಂತಿಗೆ ತಲೆ ತಾಗೀತೆಂದು ಬಗ್ಗಿದ್ದನ್ನು ಕಂಡು ನಾವೆಲ್ಲ ನಕ್ಕೆವು. ಅವಳು ಪದಕವನ್ನು ನನ್ನ ಕೊರಳಿಗೆ ಹಾಕಿ, "ಭಾರ ಅದ್ಯಾ?" ಎಂದು ಕೇಳಿದ್ದಳು. ನಾನು ಅಂದುಕೊಂಡಷ್ಟು ಭಾರ ಇರಲಿಲ್ಲ.

ರಜೆಯಲ್ಲಿ ಮನೆಗೆ ಬಂದರೆ ಸಂಜೆ ಹಿತ್ತಲಿನ ಗಟ್ಟಿ ನೆಲದ ಮೇಲೆ ಚೆಂಡು ಬಡಿಯುತ್ತಿದ್ದಳು. ಗೋಡೆಯ ಈಚೆ ನಮ್ಮ ಅಡುಗೆಮನೆಗೆ ಆ ಸದ್ದು ಬರುತ್ತಿತ್ತು. ಒಂದೇ ಸಮನೆ, ಒಂದೇ ಹದ. ಅಮ್ಮ ಅದೇ ಲಯಕ್ಕೆ ಕಾಯಿ ತುರಿಯುತ್ತಿದ್ದಳು, ಅವಳಿಗೇ ಅದು ಗೊತ್ತಿರಲಿಲ್ಲ. ಒಂದು ಸಂಜೆ ಸದ್ದು ನಿಂತಿತು. ಚೆಂಡು ಕೈತಪ್ಪಿದ್ದರೆ ಉರುಳಿ ಗೋಡೆಗೆ ತಾಗುವ ಸದ್ದಾದರೂ ಕೇಳಬೇಕಿತ್ತು. ಏನೂ ಇಲ್ಲ. ಅಮ್ಮನ ಕೈ ತುರಿಮಣೆಯ ಮೇಲೆ ಹಾಗೇ ನಿಂತಿತು. ನಾನು ಗೋಡೆಯ ಮೇಲಿಂದ ಇಣುಕಿದೆ. ಅಕ್ಕ ಬಾವಿಕಟ್ಟೆಗೆ ಒರಗಿ ಕೂತಿದ್ದಳು, ಚೆಂಡನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು. ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗೆ ಇತ್ತು. ನನ್ನನ್ನು ನೋಡಿ ಬೆರಳನ್ನು ಬಾಯಿಯ ಮೇಲಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಸದ್ದು ಮತ್ತೆ ಶುರುವಾಯಿತು. ಅಂದಿನಿಂದ ನನಗೆ ಆ ಸದ್ದು ಕೇಳುವುದಕ್ಕಿಂತ ಅದು ಯಾವಾಗ ನಿಲ್ಲುತ್ತದೋ ಎಂದು ಕಾಯುವುದೇ ಆಯಿತು.

ಆಮೇಲೆ ಸಣ್ಣಸಣ್ಣದು ಕಾಣತೊಡಗಿತು. ಕಾಳಿ ನದಿಯ ಸೇತುವೆಯ ಮೇಲೆ ನಡೆಯುವಾಗ ನಡುವೆ ನಿಂತು ದೋಣಿ ನೋಡುವಳು. ಎಷ್ಟು ಹೊತ್ತಾದರೂ ದೋಣಿ ನೋಡುವಳು. ಉಗುರಿಗೆ ಬಣ್ಣ ಹಚ್ಚದವಳು ಹಚ್ಚತೊಡಗಿದಳು. ಉಗುರಿನ ನೀಲಿ ಮುಚ್ಚಲಿಕ್ಕೆ ಎಂದು ನನಗೆ ಹೊಳೆದದ್ದು ತಡವಾಗಿ.

ಕೊನೆಗೆ ಒಂದು ದಿನ ಹಳೆಯ ಕಾನ್ವೆಂಟಿನ ಕೋರ್ಟಿನಲ್ಲಿ, ಮಕ್ಕಳಿಗೆ ಆಡಿ ತೋರಿಸುವಾಗ, ಎಲ್ಲರ ಎದುರೇ ಬಿದ್ದಳು. ಸಿಸ್ಟರ್ ಯಾರ ಮಾತೂ ಕೇಳದೆ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದು ಹೃದಯದ ಡಾಕ್ಟರಿಗೆ ತೋರಿಸಿದರು. ಹಿಂದಿರುಗಿ ಬಂದ ಸಂಜೆ ಅಕ್ಕ ನನ್ನನ್ನು ನದಿಯ ದಂಡೆಗೆ ಕರೆದಳು.

"ಎದೆಯ ಒಳಗಿನ ಗೋಡೆ ದಪ್ಪ ಆಗದ್ಯಂತೆ. ಅಪ್ಪಂದೂ ಹಿಂಗೇ ಇದ್ದಿರಬೇಕು ಅಂದ್ರು."

"ಮತ್ತೆ ಆಟ?"

"ನಡೀಬಹುದಂತೆ. ಓಡೂ ಹಾಂಗಿಲ್ಲ. ಇನ್ನೊಂದೇ ಒಂದು ಪಂದ್ಯ ಆಡ್ಲಾ ಅಂತ ಕೇಳ್ದೆ. ಆ ಡಾಕ್ಟರು ನನ್ನ ಮೋರೆ ನೋಡ್ಲೇ ಇಲ್ಲ. ಸಿಸ್ಟರ್ ಹತ್ರ ಹೇಳಿದ್ರು, ಒಂದೂ ಬೇಡ, ಕೊನೇದು ಯಾವುದಾಗ್ತದೆ ಅಂತ ನನಗೂ ಗೊತ್ತಿಲ್ಲ ಅಂತ."

ನದಿ ಉಬ್ಬರಕ್ಕೆ ತಿರುಗಿತ್ತು. ಕಡಲಿನ ನೀರು ಒಳಗೆ ಬರುತ್ತ ದಂಡೆಯ ಕಲ್ಲುಗಳನ್ನು ಒಂದೊಂದಾಗಿ ಮುಚ್ಚುತ್ತಿತ್ತು. ಅಕ್ಕ ಅದನ್ನೇ ನೋಡುತ್ತ ಕೂತಳು.

ಆ ವರ್ಷವೇ ಸಿಸ್ಟರಿಗೆ ದೂರದ ಬೇರೆ ಕಾನ್ವೆಂಟಿಗೆ ವರ್ಗವಾಯಿತು. ಹೋಗುವಾಗ ಅವರು ಅಕ್ಕನ ಎರಡೂ ಕೈ ಹಿಡಿದು, ಇನ್ನು ಆಡುವುದಿಲ್ಲ ಎಂದು ಮಾತು ಪಡೆದು ಹೋದರು. ಮಾತು ಕೊಟ್ಟವಳು ಕೆಲವು ತಿಂಗಳು ಅದನ್ನು ಉಳಿಸಿಕೊಂಡಳು. ಕಚೇರಿಗೆ ರಜೆ ಹಾಕಿ ಮನೆಯಲ್ಲೇ ಇದ್ದಳು, ಮೀನು ಹೆಚ್ಚುವುದನ್ನು ಕಲಿತಳು. ಹಿತ್ತಲಿನಲ್ಲಿ ಚೆಂಡಿನ ಸದ್ದಿಲ್ಲ. ಅಮ್ಮನ ಕಾಯಿ ತುರಿಯುವ ಲಯವೂ ತಪ್ಪಿತ್ತು. ಅಷ್ಟರಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ತಂಡದ ಕರೆ ಬಂತು. ನಾಯಕಿ ಅವಳೇ. ಎದೆಯ ವಿಷಯ ತಂಡದವರಿಗೆ ಯಾರೂ ಹೇಳಿರಲಿಲ್ಲ. ಅಕ್ಕನನ್ನು ತಡೆಯಬಲ್ಲವರು ಮಾವಶಿಯೊಬ್ಬರೇ.

ಗೋಡೆಯ ಆಚೆ ಜಗಳ ಕೇಳುತ್ತಿತ್ತು.

"ಡಾಕ್ಟ್ರು ಹೇಳಿದ್ದು ನಿಂಗೆ ನೆನಪದ್ಯಾ, ಇಲ್ಲಾ ನಾ ಮತ್ತೆ ಹೇಳ್ಬೇಕಾ?"

"ಡಾಕ್ಟ್ರು ಚೆಂಡು ಹಿಡಿದವ್ರಾ ಆಯಿ? ಅವ್ರಿಗೆಂತಾ ಗೊತ್ತು."

"ನಗಾಡು. ನಿನ್ನ ಅಪ್ಪನೂ ಹಿಂಗೇ ನಗಾಡ್ತಾ ಇದ್ದ."

ಅಕ್ಕನ ದನಿ ಈಗ ಮೆತ್ತಗಾಯಿತು. "ಹಿಂಗೆ ಮನೇಲಿ ಕೂತು ನಾನು ಉಳ್ದೆ ಅಂದ್ಕ. ಉಳಿದದ್ದು ಯಾರು ಆಯಿ? ನಾನಾ?"

ಮರುದಿನ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಮಾವಶಿಯ ತವರೂರಿನ ದೇವರಲ್ಲಿ ಪ್ರಸಾದ ಕೇಳುವುದು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇವರ ಎರಡೂ ಹೆಗಲಿಗೆ ಒದ್ದೆ ಮಾಡಿದ ಹೂವಿನ ಎಸಳು ಅಂಟಿಸಿ, ಮನಸ್ಸಿನ ಪ್ರಶ್ನೆ ಕೇಳಿ ಕಾಯುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ದೇವರು ಹೂಂ ಅಂದ ಹಾಗೆ. ಎಡದ್ದು ಬಿದ್ದರೆ ಬೇಡ. ನನಗೂ ಅಷ್ಟು ಮಾತ್ರ ಗೊತ್ತಿದ್ದದ್ದು, ನಮ್ಮ ಮನೆಯಲ್ಲಿ ಪ್ರಸಾದ ಕೇಳುವ ರೂಢಿ ಇರಲಿಲ್ಲ. "ಎಡ ಆದ್ರೆ ಇನ್ನು ಚೆಂಡು ಮುಟ್ಟೂದಿಲ್ಲ. ದೇವರಾಣೆ" ಎಂದಳು ಅಕ್ಕ. "ಬಲ ಆದ್ರೆ ನಾನು ಅಡ್ಡ ಬರೂದಿಲ್ಲ" ಎಂದರು ಮಾವಶಿ. ಬೆಳಿಗ್ಗೆ ಹೊರಡುವಾಗ, ಜೊತೆಗೆ ಇರಲಿ ಎಂದು ನನ್ನನ್ನೂ ಕರೆದರು.

ಬಸ್ಸಿನಲ್ಲಿ ಅಕ್ಕನ ತಲೆ ಮೇಲಿನ ಕಂಬಿಗೆ ತಾಗುತ್ತಿತ್ತು. ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟುದ್ದ ಬೆಳ್ದು ಎಂತಾ ಮಾಡ್ತೆ ತಂಗಿ? ತೆಂಗಿನಕಾಯಿ ಕೊಯ್ಯೂಕೆ ಹೋಗ್ತ್ಯಾ?" ಎಂದಳು.

"ಹೌದು, ನಿಮ್ಮನೆ ಮರಕ್ಕೇ ಬತ್ತೆ. ಏಣಿ ತರೂದು ಬೇಡ."

ಬಸ್ಸೆಲ್ಲ ನಕ್ಕಿತು. ಮಾವಶಿ ನಗಲಿಲ್ಲ. ಅರ್ಗಾ ಬಂತು. ನೌಕಾನೆಲೆಗಾಗಿ ಊರು ಖಾಲಿಯಾಗುತ್ತಿದ್ದ ಕಾಲ ಅದು. ಹೆಂಚು ಇಳಿಸಿದ ಮನೆಗಳು, ಬಾಗಿಲು ಕಿತ್ತ ಚೌಕಟ್ಟುಗಳು, ಅಂಗಳದಲ್ಲಿ ಒಣಗಿ ನಿಂತ ತುಳಸಿ. ಒಂದು ಮನೆಗೆ ಮಾಡೇ ಉಳಿದಿರಲಿಲ್ಲ, ಆದರೂ ಒಬ್ಬ ಹೆಂಗಸು ಅದರ ಹೊಸ್ತಿಲು ಗುಡಿಸುತ್ತಿದ್ದಳು. ನಮ್ಮ ಬಸ್ಸು ದಾಟಿದ ಮೇಲೂ ನಾನು ಹಿಂತಿರುಗಿ ನೋಡಿದೆ. ಅವಳು ತಲೆಯೆತ್ತಲಿಲ್ಲ.

ದೇವಸ್ಥಾನ ಸಣ್ಣದು. ದಿನದ ಪೂಜೆಯ ಭಟ್ಟರ ಮನೆಯಲ್ಲಿ ಸೂತಕವಾಗಿ, ಘಟ್ಟದ ಮೇಲಿನಿಂದ ಬೇರೆ ಭಟ್ಟರೊಬ್ಬರು ಬಂದಿದ್ದರು. "ಪ್ರಸಾದ ಹಚ್ಚಿ ಕೊಡ್ತೆ. ನೋಡಿ ಹೇಳುವ ಕ್ರಮ ನಂಗೆ ಬತ್ತಿಲ್ಲೆ, ನೀವೇ ನೋಡ್ಕಳಿ" ಎಂದು ಅವರು ಮೊದಲೇ ಹೇಳಿಬಿಟ್ಟರು. ಕೆಂಪು ದಾಸವಾಳದ ಎಸಳನ್ನು ನೀರಿನಲ್ಲಿ ಅದ್ದಿ ಕರಿಯ ಕಲ್ಲಿನ ಹೆಗಲುಗಳಿಗೆ ಅಂಟಿಸಿ, ಗಂಟೆ ಬಾರಿಸಿ, ತಾವು ಮೂಲೆಯಲ್ಲಿ ಗಂಧ ತೇಯಲು ಕೂತರು.

ಮಾವಶಿ ಕೈ ಮುಗಿದು ಕಣ್ಣು ಮುಚ್ಚಿದರು. "ದೇವರೇ, ಇವಳನ್ನು ಕಳಿಸಬಹುದು ಅಂದ್ರೆ ಬಲ ಕೊಡು. ಬೇಡ ಅಂದ್ರೆ ಎಡ ಕೊಡು. ಎರಡರಲ್ಲಿ ಯಾವ್ದು ಕೊಟ್ರೂ ನಾನು ಬೇಸರ ಮಾಡೂದಿಲ್ಲ."

ಗಂಧದ ಕಲ್ಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಳಗೆ ಒಂದೇ ದೀಪ, ನಮಗೆ ಬಲಬದಿಯಲ್ಲಿ. ಎರಡೂ ಎಸಳು ಅಲುಗಲಿಲ್ಲ. ಎಸಳಿನ ತುದಿಯಲ್ಲಿ ಒಂದು ಹನಿ ನೀರು ತುಂಬಿಕೊಳ್ಳುತ್ತಿತ್ತು. ಅಕ್ಕ ನನ್ನ ಪಕ್ಕದಲ್ಲಿ ನಿಂತಿದ್ದಳು. ಪಂದ್ಯದಲ್ಲಿ ಚೆಂಡು ಬಳೆಯ ಅಂಚಿನ ಮೇಲೆ ಸುತ್ತುವಾಗ ನಿಲ್ಲುತ್ತಿದ್ದಳಲ್ಲ, ಹಾಗೆ ತುದಿಗಾಲಿನಲ್ಲಿ. ಆಮೇಲೆ ದೀಪದ ಬದಿಯ ಎಸಳು ಜಾರಿತು. ತಡೆಯಿತು. ಮತ್ತೆ ಜಾರಿ ಪೀಠದ ಮೇಲೆ ಬಿತ್ತು.

"ಬಲಕ್ಕೆ ಬಿತ್ತು ಆಯಿ," ಎಂದಳು ಅಕ್ಕ.

ನಾನೂ ನೋಡಿದೆ. ಬಲಕ್ಕೇ ಬಿದ್ದಿತ್ತು. ನನಗೆ ಹೆದರಿಕೆಯಾದರೂ ಅವಳ ಮುಖ ನೋಡಿ ಖುಷಿಯಾಯಿತು. ಮಾವಶಿ ಕಣ್ಣು ತೆರೆದು ದೇವರನ್ನು ಬಹಳ ಹೊತ್ತು ನೋಡಿದರು. ಭಟ್ಟರು ಬಿದ್ದ ಎಸಳನ್ನು ತಂದು ಅವರ ಕೈಗಿಟ್ಟರು. ದೇವರ ಹೂವು ಕೈಗೆ ಬಂದರೆ ನಮ್ಮಲ್ಲಿ ಯಾವ ತಾಯಿಯೇ ಆದರೂ ಮೊದಲು ಕಣ್ಣಿಗೊತ್ತಿ ಮಗಳ ಮುಡಿಗೆ ಸಿಕ್ಕಿಸುತ್ತಾಳೆ. ಮಾವಶಿ ಕಣ್ಣಿಗೊತ್ತಲಿಲ್ಲ, ಮಗಳಿಗೂ ಮುಡಿಸಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿದರು.

ಹಿಂದಿರುಗುವಾಗ ಅಕ್ಕ ಬಸ್ಸಿನಲ್ಲಿ ತಡೆಯಿಲ್ಲದೆ ಮಾತಾಡಿದಳು. ಯಾರು ಯಾವ ಜಾಗದಲ್ಲಿ ಆಡಬೇಕು, ಎದುರು ತಂಡದ ಎತ್ತರದ ಹುಡುಗಿಯನ್ನು ಹೇಗೆ ಕಟ್ಟಿಹಾಕಬೇಕು... ನನ್ನ ತೊಡೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಮಾವಶಿ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದರು. ಒಮ್ಮೆ ಅಕ್ಕ ಬಗ್ಗಿ, "ಆಯಿ, ವಾಂತಿ ಬರ್ತದ್ಯಾ?" ಎಂದು ಕೇಳಿದಳು. ಅವರು ಇಲ್ಲವೆಂದು ತಲೆ ಆಡಿಸಿದರು.

ಆ ವಾರವೆಲ್ಲ ಹಿತ್ತಲಿನಲ್ಲಿ ಮತ್ತೆ ಚೆಂಡಿನ ಸದ್ದು. ನಿಲ್ಲಲೇ ಇಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಬಸ್ಸು ಹತ್ತಿದವಳು ಮತ್ತೆ ಇಳಿದು ಬಂದು ಮಾವಶಿಯ ಎದುರು ನಿಂತಳು. "ಆಯಿ, ಒಂದು ಮಾತು..." ಎಂದಳು. ಮಾವಶಿಯೂ ಅದೇ ಹೊತ್ತಿಗೆ ಏನೋ ಹೇಳಲು ಬಾಯಿ ತೆರೆದಿದ್ದರು. ಇಬ್ಬರೂ ಸುಮ್ಮನಾದರು. ಡ್ರೈವರ್ ಹಾರ್ನ್ ಹೊಡೆದ. "ಹೋಗಿ ಬಾ. ಬಸ್ಸು ಬಿಡ್ತದೆ," ಎಂದರು ಮಾವಶಿ. ಅಕ್ಕ ಬಗ್ಗಿ ಅವರ ಕಾಲು ಮುಟ್ಟಿದಳು. ಆವರೆಗೆ ಯಾವ ಪಂದ್ಯಕ್ಕೆ ಹೋಗುವಾಗಲೂ ಅವಳು ಕಾಲು ಮುಟ್ಟಿ ಹೋದವಳಲ್ಲ.

ಅವರು ಗೆದ್ದರು. ಫೈನಲ್ ಮುಗಿದ ಮರುದಿನದ ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ನಡುವೆ ಗೆದ್ದ ಕಪ್ಪು ಹಿಡಿದು ಅಕ್ಕ, ಜಡೆ ಬಿಚ್ಚಿಹೋಗಿದೆ, ಬಾಯಿ ತುಂಬ ನಗು. ನಾನು ಪತ್ರಿಕೆ ಹಿಡಿದು ಗೋಡೆ ಹಾರಿಯೇ ಹೋದೆ. ಮಾವಶಿ ಹಿತ್ತಲಿನಲ್ಲಿ ಬಂಗಡೆ ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಬಂದು ಚಿತ್ರದ ಮುಖವನ್ನು ಬೆರಳಿನಿಂದ ಸವರಿದರು. ಒಂದು ಮೀನಿನ ಹುರುಪೆ ಕಾಗದಕ್ಕೆ ಅಂಟಿಕೊಂಡಿತು. "ಮೋರೆ ಇಳ್ದಿದೆ ಅಲ್ದಾ?" ಎಂದರು. ಇಲ್ಲ ಮಾವಶಿ, ಅಂದೆ. "ಇಳ್ದಿದೆ," ಎಂದರು ಅವರು.

ಫೋನು ಇದ್ದದ್ದು ನಮ್ಮ ಮನೆಯಲ್ಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಬಡಿದುಕೊಂಡಿತು.

ಬೆಳಗಿನ ರೈಲಿನಲ್ಲಿ ತಂಡ ಹೊರಟಿತ್ತಂತೆ. ಹುಡುಗಿಯರು ಹಾಡಿದ್ದಾರೆ, ಕಪ್ಪಿನಲ್ಲಿ ಚುರುಮುರಿ ಕಲಸಿ ತಿಂದಿದ್ದಾರೆ. ಅಕ್ಕ ಕಿಟಕಿಯ ಪಕ್ಕ ಕೂತು ಗಾಜಿಗೆ ತಲೆ ಒರಗಿಸಿದ್ದಾಳೆ. ದಣಿದಿದ್ದಾಳೆ, ಎಬ್ಬಿಸಬೇಡಿ ಎಂದು ಯಾರೋ ಅಂದರಂತೆ. ಹಾಡು ನಿಲ್ಲಿಸಿದರಂತೆ. ಬಿಸಿಲು ಮುಖಕ್ಕೆ ಬೀಳುತ್ತದೆಂದು ಒಬ್ಬಳು ತನ್ನ ಟವೆಲನ್ನು ಕಿಟಕಿಗೆ ಕಟ್ಟಿದಳಂತೆ. ಎಷ್ಟೋ ಊರು ದಾಟುವವರೆಗೆ ಅವರೆಲ್ಲ ಅವಳ ನಿದ್ದೆ ಕೆಡದಿರಲೆಂದು ಪಿಸುದನಿಯಲ್ಲೇ ಮಾತಾಡಿಕೊಂಡು ಬಂದರಂತೆ...

ಅವಳನ್ನು ತಂದ ದಿನ ಇಡೀ ಕೋಡಿಬಾಗ ಬೀದಿಯಲ್ಲಿತ್ತು. ಅದನ್ನು ನಾನು ಬರೆಯಲಾರೆ. ದೂರದಿಂದ ಬಂದ ಸಿಸ್ಟರ್ ಗೇಟಿನ ಹೊರಗೇ ನಿಂತಿದ್ದರು, ಒಳಗೆ ಬರಲಿಲ್ಲ. ಮಾವಶಿ ಅಳಲೂ ಇಲ್ಲ. ಆಮೇಲೆ ಅವರು ಮುಸ್ಸಂಜೆಗೆ ದೀಪ ಹಚ್ಚುವುದನ್ನು ಬಿಟ್ಟರು, ತವರೂರಿನ ದೇವಸ್ಥಾನಕ್ಕೆ ಮತ್ತೆ ಕಾಲಿಡಲಿಲ್ಲ. ಜನ ಅರ್ಥ ಮಾಡಿಕೊಂಡರು. ದೇವರು ಹೂಂ ಅಂದು ಕರೆದುಕೊಂಡುಬಿಟ್ಟ, ಅವಳಿಗೆ ಸಿಟ್ಟು ಬರದೆ ಇರುತ್ತದೆಯೇ ಎಂದರು. ನಾನೂ ಹಾಗೇ ತಿಳಿದಿದ್ದೆ.

ಮದುವೆಯಾಗಿ ನಾನು ಅಂಕೋಲೆಗೆ ಬಂದೆ. ಒಂದು ಬೇಸಿಗೆಯಲ್ಲಿ ನಮ್ಮ ಜಾಗದಲ್ಲಿ ಬಾವಿ ತೋಡುವ ವಿಚಾರ ಬಂದು ಅತ್ತೆ ಪ್ರಸಾದ ಕೇಳಿಸಿದರು. ನಾನೂ ಎದುರು ನಿಂತಿದ್ದೆ. ಒಂದು ಎಸಳು ಜಾರಿತು. "ಬಲಕ್ಕೆ ಬಿತ್ತು ಅತ್ತೆ," ಎಂದೆ ಸಂಭ್ರಮದಿಂದ.

ಅತ್ತೆ ನನ್ನ ಮುಖ ನೋಡಿ ನಕ್ಕರು. "ಅದು ನಿನ್ನ ಬಲ ಮಾರಾಯ್ತಿ. ದೇವರು ನಮ್ಮ ಎದುರಿಗೆ ಕೂತಿದಾನೆ ಅಲ್ದಾ? ಅವನ ಬಲ ನೋಡ್ಬೇಕು. ಇದು ಎಡಪ್ರಸಾದ, ಇಲ್ಲಿ ತೋಡೂಕಾಗೂದಿಲ್ಲ. ನಿಮ್ಮ ಕಾನ್ವೆಂಟಲ್ಲಿ ಎಡ ಬಲ ಹೇಳಿಕೊಡೂದಿಲ್ವಾ?"

ಸುತ್ತ ಇದ್ದವರೂ ನಕ್ಕರು. ನಮ್ಮ ಕಾನ್ವೆಂಟಿನಲ್ಲಿ ಹೇಳಿಕೊಟ್ಟಿದ್ದರು. ಬಲ ಅಂದರೆ ಯಾರ ಬಲ ಎಂದು ಮೊದಲು ಕೇಳಬೇಕು ಎಂದು ಹೇಳಿಕೊಟ್ಟಿದ್ದರು. ಎದುರಿಗೆ ನಿಂತವರ ಬಲ ನಮ್ಮ ಎಡ ಎಂಬುದನ್ನು ಇಡೀ ಶಾಲೆಯಲ್ಲಿ ಒಮ್ಮೆಯೂ ತಪ್ಪದೆ ಬಲ್ಲವಳು ಒಬ್ಬಳೇ ಇದ್ದಳು. ಆ ದೇವಸ್ಥಾನಕ್ಕೆ ಅವಳು ತಾಯಿಯ ಕಂಕುಳಲ್ಲಿದ್ದಾಗಿನಿಂದ ಹೋದವಳು. ನನಗೆ ಗೊತ್ತಿಲ್ಲದೆ ಇರಬಹುದು, ಘಟ್ಟದ ಮೇಲಿನ ಭಟ್ಟರು ನೋಡದೆ ಇರಬಹುದು. ಅಕ್ಕನಿಗೆ ಗೊತ್ತಿತ್ತು. ದೇವರು ಬೇಡ ಅಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಇದನ್ನು ಮಾವಶಿಗೆ ಹೇಗೆ ಹೇಳುವುದು? ಹೇಳಿದರೆ ದೇವರ ಮೇಲಿನ ಸಿಟ್ಟು ಹೋದೀತು, ಆದರೆ ಮಗಳು ಸುಳ್ಳಿಯಾಗುತ್ತಾಳೆ. ಕೋಡಿಬಾಗಕ್ಕೆ ಹೋದಾಗಲೆಲ್ಲ ಅವರ ಜಗಲಿಯಲ್ಲಿ ಕೂತು ಚಹಾ ಕುಡಿದು, ಮೀನಿನ ದರ, ಮೊಮ್ಮಕ್ಕಳ ಶಾಲೆ ಎಲ್ಲ ಮಾತಾಡಿ ಎದ್ದು ಬರುತ್ತಿದ್ದೆ. ವರ್ಷಗಳು ಹಾಗೇ ಹೋದವು.

ಹೋದ ವರ್ಷ, ಮಳೆಗಾಲ ಇನ್ನೂ ಶುರುವಾಗದ ದಿನ. ಮಾವಶಿ ಜಗಲಿಯಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದರು. ಬೆರಳೆಲ್ಲ ಕೆಂಪು. ಮಗ ಸೊಸೆ ಹೊರಗೆ ಹೋಗಿದ್ದರು. ಅವರು ಇದ್ದಕ್ಕಿದ್ದ ಹಾಗೆ ಕೇಳಿದರು. "ನೀನು ಅಂಕೋಲೆಲೇ ಇರ್ತೆ ಅಲಾ. ನಮ್ಮೂರ ದೇವಸ್ಥಾನಕ್ಕೆ ಹೋಗ್ತ್ಯಾ?"

"ಒಮ್ಮೊಮ್ಮೆ ಹೋಗ್ತೆ ಮಾವಶಿ."

"ನಂಗೆ ಅವನ ಮೇಲೆ ಸಿಟ್ಟು ಅಂತಾರೆ ಅಲ್ದಾ ಜನ?"

ನಾನೂ ಬುಟ್ಟಿಯಿಂದ ಒಂದು ಹಣ್ಣು ತೆಗೆದುಕೊಂಡೆ.

"ಎಂತಾ ಸಿಟ್ಟು. ಅವ ಸರಿಯಾಗೇ ಹೇಳಿದ್ದ."

ನನ್ನ ಕೈಯಲ್ಲಿದ್ದ ಹಣ್ಣು ಬುಟ್ಟಿಗೆ ಬಿತ್ತು. ಮಾವಶಿ ನನ್ನ ಕಡೆ ನೋಡದೆ ಮುಂದುವರಿಸಿದರು. "ನಾನು ಕಣ್ಣು ಮುಚ್ಕಂಡಿದ್ದೆ ಅಂತ ಅಂದ್ಕಂಡ್ಯಾ? ಮಗಳ ಜೀವದ ಮಾತು ಕೇಳುವಾಗ ಯಾವ ಆಯಿ ಕಣ್ಣು ಮುಚ್ತಾಳೆ ತಂಗಿ? ಕೇಳ್ದೆ, ತೆರ್ದೆ. ದೀಪದ ಬದಿದು ಬಿತ್ತು. ಅದು ಅವನ ಎಡ. ನಾನು ಹುಟ್ಟಿದ್ದೇ ಆ ಊರಲ್ಲಿ, ನಂಗೆ ಗೊತ್ತಿಲ್ವಾ?"

"ಮತ್ತೆ... ಸುಮ್ನೆ ಎಂತಕೆ ಇದ್ರಿ?"

"ದೇವರ ಎದುರು ನಿಂತು ಹುಡುಗಿ ಬಲ ಅಂತು. ನಾನು ಅಲ್ಲ ಅಂದ್ರೆ ಅಲ್ಲೇ, ಅವನ ಎದುರೇ, ನನ್ನ ಮಗು ಸುಳ್ಳು ಹೇಳಿದಂಗೆ ಆಗ್ತಿತ್ತು. ಅಲ್ಲಿ ಹೇಳಿದ ಸುಳ್ಳು ಸುಮ್ನೆ ಬಿಡೂದಿಲ್ಲ ಅಂತ ನಮ್ಮ ಊರಲ್ಲಿ. ಮತ್ತೆ ಕಣ್ಣು ಮುಚ್ಚಿ, ಮುಚ್ಕಂಡೇ ಇದ್ದವಳ ಹಾಂಗೆ ತೆರ್ದೆ. ಮನೆಗೆ ಹೋಗಿ ಹೇಳಿದ್ರಾಯ್ತು ಅಂದ್ಕಂಡೆ. ಬಸ್ಸಲ್ಲಿ ಅದ್ರ ಮೋರೆ ನೋಡಿದ್ಯಲ್ಲ ನೀನು... ಮನೆಗೆ ಬಂದ ಮೇಲೆ ನಾಳೆ ಹೇಳಿದ್ರಾಯ್ತು ಅಂತ. ಬಸ್ಸು ಹತ್ತುವಾಗಲೂ ಬಾಯಿ ತನಕ ಬಂತು."

ಕೆಂಪು ಬೆರಳುಗಳನ್ನು ಅವರು ಸೀರೆಗೆ ಒರೆಸಿಕೊಂಡರು. ಕಲೆ ಹೋಗಲಿಲ್ಲ.

"ನಂಗೆ ಸಂಕಟ ಕಳಿಸಿದ್ದಕ್ಕಲ್ಲ ತಂಗಿ. ಅದು ಮನೇಲಿ ಕೂತಿದ್ರೂ ಬೇರೆ ನಮೂನೆಯಲ್ಲಿ ಹೋಗ್ತಿತ್ತು. ನಾನು ಗೊತ್ತಿದ್ದೇ ಕಳಿಸ್ದೆ ಅಂತ ಅದ್ಕೆ ಗೊತ್ತಾಗ್ಲೇ ಇಲ್ಲ ಅಲ್ದಾ? ಆಯಿಗೆ ಮೋಸ ಮಾಡ್ದೆ ಅಂತ ಎದೇಲಿ ಇಟ್ಕಂಡೇ ಹೋಯ್ತು. ಮೊದ್ಲೇ ಸರಿ ಇಲ್ಲದ ಎದೆ."

ನಾನು ಅವರ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡು ಮತ್ತೊಂದು ಹಣ್ಣು ತೆಗೆದುಕೊಂಡರು.

ಆ ಮಳೆಗಾಲದಲ್ಲೇ ಮಾವಶಿ ಹೋದರು. ಇವತ್ತು ಇಷ್ಟನ್ನು ಬರೆಯುತ್ತ ಕೂತಾಗ ಹೊಳೆಯಿತು, ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗಳು ಇಬ್ಬರೂ ನುಂಗಿಕೊಂಡದ್ದು ಒಂದೇ ಮಾತು. ಅಕ್ಕನಿಗೆ ಅದು ಆಯಿಯ ಹತ್ತಿರ ಹೇಳುವುದಿತ್ತು, ಅವರಿಗೆ ಮಗಳ ಹತ್ತಿರ ಹೇಳುವುದಿತ್ತು. ಈಗ ಆ ಎರಡೂ ಮಾತು ನನ್ನಲ್ಲಿ ಉಳಿದಿವೆ. ಅವನ್ನು ಯಾರ ಕೈಗೆ ಕೊಡಬೇಕೋ ಅವರಿಬ್ಬರೂ ಇಲ್ಲ.